ಶಿದ್ರಾಮಪ್ಪನ ಮೊಳ, ಮುತ್ತವ್ವನ ಮಂಚ

ಬನಹಟ್ಟಿಯ ನೇಕಾರ ಶಿದ್ರಾಮಪ್ಪನಿಗೆ ದೇವರು ಕೊಟ್ಟ ದೊಡ್ಡ ಆಸ್ತಿ ಎಂದರೆ ಅವನ ಕೈ. ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನ ಅವನ ಮೊಳ ಊರಿನ ಯಾರ ಮೊಳಕ್ಕಿಂತಲೂ ಎರಡು ಬೆರಳು ಉದ್ದವಿತ್ತು. ಅದು ಸಂಸ್ಥಾನದ ಕಾಲ. ವಿದ್ಯುತ್ ಮಗ್ಗ ಇನ್ನೂ ಬನಹಟ್ಟಿಗೆ ಕಾಲಿಟ್ಟಿರಲಿಲ್ಲ, ಸೀರೆಯನ್ನು ಕೈಯಲ್ಲೇ ಅಳೆದು ಮಾರುತ್ತಿದ್ದರು. ಶಿದ್ರಾಮಪ್ಪ ಹದಿನೆಂಟು ಮೊಳವೆಂದು ಅಳೆದು ಕೊಟ್ಟದ್ದು ಕೊಂಡವರ ಮನೆಯಲ್ಲಿ ಇಪ್ಪತ್ತರ ಮೇಲೆ ಬರುತ್ತಿತ್ತು. ರಬಕವಿ ಪೇಟೆಯ ಹೆಂಗಸರು "ಶಿದ್ರಾಮಪ್ಪನ ಮೊಳದ್ದು ಐತೇನ್ರಿ?" ಎಂದು ಕೇಳಿ ಒಯ್ಯುತ್ತಿದ್ದರು. ಅವರು ಹೊಗಳುತ್ತಿದ್ದುದು ಪುಕ್ಕಟೆ ಸಿಕ್ಕ ಬಟ್ಟೆಯನ್ನು. ಇವನು ಅದನ್ನು ತನ್ನ ಕೈಗೆ ಸಂದ ಮರ್ಯಾದೆ ಎಂದುಕೊಂಡು ತೋಳು ಏರಿಸಿ ಓಡಾಡುತ್ತಿದ್ದ.

ಅವನ ಅಪ್ಪ ಗುರಪ್ಪ ಇದಕ್ಕೆ ತದ್ವಿರುದ್ಧ. ಆಳು ಗಿಡ್ಡ, ಕೈಯೂ ಗಿಡ್ಡ. ಸಾಲದ್ದಕ್ಕೆ ಅಳೆಯುವಾಗ ಬೆರಳ ತುದಿಯನ್ನು ಒಂದಿಷ್ಟು ಮಡಿಸಿಕೊಳ್ಳುತ್ತಿದ್ದ. ಅವನ ಸೀರೆ ಉಟ್ಟವರು ಸೆರಗು ಸಾಲದೆ ಜೀವನವಿಡೀ ಅವನನ್ನು ನೆನೆದರು. ಸಾಯುವ ಮುಂಚೆ ಈ ಗುರಪ್ಪ ಮಗ್ಗದ ಮನೆಯ ಹಿಂದೆ ಕೋಲಿ ಎಂದು ಕರೆಯುವ ಒಂದು ಸಣ್ಣ ಕೋಣೆ ಕಟ್ಟಿಸಿ, ಬಂದವರಿಗೆಲ್ಲ "ಐದು ಮೊಳ ಉದ್ದ, ನಾಕು ಮೊಳ ಅಗಲ" ಎಂದು ಹೇಳಿಕೊಂಡು ತಿರುಗಿದ. ಆ ಮಾತು ಮನೆತನದ ಮಾತಾಗಿ ಉಳಿಯಿತು. ಅದಾದ ಮೇಲೆ ಕೋಲಿಯನ್ನು ಅಳೆಯುವ ಉಸಾಬರಿಗೆ ಯಾರೂ ಹೋಗಲಿಲ್ಲ.

ಶಿದ್ರಾಮಪ್ಪನ ಹೆಂಡತಿ ಮುತ್ತವ್ವ ಮದುವೆಯಾಗಿ ಬಂದ ದಿನವೇ ಆ ಕೋಲಿ ಸೇರಿದ್ದಳು. ಅಲ್ಲೇ ಅವಳ ರಾಟಿ, ಅಲ್ಲೇ ಅವಳ ಹಾಸಿಗೆ. ನೂಲನ್ನು ನೀರಲ್ಲಿ ನೆನೆಸಿ, ಹಸಿ ಇರುವಾಗಲೇ ಲಾಳಿಯೊಳಗೆ ಕೂರುವ ಕಂಡಿಕೆ ಎಂಬ ಸಣ್ಣ ಕೊಳವೆಗೆ ಸುತ್ತಬೇಕು. ಒಣಗಿದರೆ ಲಾಳಿಯಲ್ಲಿ ಎಳೆ ಹರಿಯುತ್ತದೆ. ಹಾಗಾಗಿ ಗೋಡೆಯ ಗೂಟಕ್ಕೆ ಒದ್ದೆ ನೂಲಿನ ಲಡಿಗಳು ಯಾವಾಗಲೂ ತೂಗುತ್ತಿದ್ದವು, ಯಾವಾಗಲೂ ತೊಟ್ಟಿಕ್ಕುತ್ತಿದ್ದವು. ಕೋಲಿ ತಂಪಿರಲೆಂದು ದಿನಾ ಬೆಳಿಗ್ಗೆ ಒಂದು ಕೊಡ ನೀರು ನೆಲಕ್ಕೂ ಬೀಳಬೇಕು, ಅದು ಗಂಡನ ಕಟ್ಟಪ್ಪಣೆ. ಗಂಡ ಮಾತ್ರ ಹೊರಗಿನ ಕಟ್ಟೆಯ ಮೇಲೆ, ಗಾಳಿ ಬರುವ ಕಡೆ, ಒಣ ಕಂಬಳಿ ಹಾಸಿ ಮಲಗುತ್ತಿದ್ದ. ಮಳೆ ಬಂದರೆ ಮಗ್ಗದ ಮನೆಯ ಹಲಗೆ ಇತ್ತು. ಕೋಲಿಯೊಳಗೆ ಅವನು ಕೂತು ಎದ್ದದ್ದು ಯಾರಿಗೂ ನೆನಪಿಲ್ಲ. ಬಾಗಿಲಲ್ಲಿ ನಿಂತು ಕೈ ಚಾಚಿದರೆ ಕಂಡಿಕೆ ಕೈಗೆ ಬರುತ್ತಿತ್ತು. ಅಷ್ಟು ಉದ್ದದ ಕೈಯಿಂದ ಇದೊಂದು ಅನುಕೂಲ.

ಆ ವರ್ಷ ಶ್ರಾವಣಕ್ಕೆ ಮುತ್ತವ್ವನ ಸೊಂಟ ಹಿಡಿಯಿತು. ಮೊದಲು ಏಳುವಾಗ ಗೋಡೆ ಹಿಡಿದಳು, ಆಮೇಲೆ ನಡೆಯುವಾಗಲೂ ಹಿಡಿದಳು. ಕಂಡಿಕೆ ಕಡಿಮೆಯಾಗಿ ಎರಡು ಮಗ್ಗ ನಿಂತ ಮೇಲೆ ಶಿದ್ರಾಮಪ್ಪನಿಗೆ ಹೆಂಡತಿಯ ನೋವು ಅರ್ಥವಾಯಿತು. ಬಂಡಿ ಹೂಡಿ ಜಮಖಂಡಿಯ ದವಾಖಾನೆಗೆ ಕರೆದೊಯ್ದ. ಡಾಕ್ಟರರು ಬೆನ್ನು ಒತ್ತಿ ನೋಡಿ, ಅವಳನ್ನಲ್ಲ, ಇವನನ್ನು ಗದರಿಸಿದರು.

"ಇನ್ನ ಮುಂದ ಇಕೀನ ನೆಲದ ಮ್ಯಾಲ ಮಲಗಿಸಬ್ಯಾಡ. ಒಂದು ಮಂಚ ಮಾಡಸು. ಹಿಂಗ ಬಿಟ್ರ ಮುಂದಿನ ಮಳಿಗಾಲಕ್ಕ ಎದ್ದು ನಿಲ್ಲಂಗಿಲ್ಲ ನೋಡು."

ಬುದ್ಧಿ ಇದ್ದವನಾಗಿದ್ದರೆ ಅದೇ ಸಂಜೆ ಬಡಿಗನ ಮನೆಗೆ ಹೋಗಿ ಒಂದು ಮಂಚ ಹೇಳಿ ಬರುತ್ತಿದ್ದ. ಶಿದ್ರಾಮಪ್ಪ ಅಂಥ ಸಾದಾ ಮನುಷ್ಯನಲ್ಲ. ಓಣಿಗೇ ಮೊದಲ ಮಂಚ ಅದು. ಅದರ ಅಳತೆ ಹೀಗೆಯೇ ಇರಬೇಕೆಂದು ನಾಲ್ಕು ಊರು ತಿರುಗಿ ನಿರ್ಧರಿಸಬೇಕಲ್ಲವೇ? ತೇರದಾಳದಲ್ಲಿ ಸೀರೆ ಕೊಳ್ಳುವ ರಾವಸಾಹೇಬ ಎಂಬ ಜೈನ ಸಾವಕಾರರ ಮನೆಗೆ ಹೋಗಿ ಅವರ ಮಂಚಕ್ಕೆ ಮೊಳ ಹಾಕಿದ. ಅದು ಇಬ್ಬರು ಮಲಗುವ ಮಂಚ, ಕೋಲಿಗೆ ಆಗದು ಎಂದು ತಲೆ ಅಲ್ಲಾಡಿಸಿದ. ಮುಧೋಳದಲ್ಲಿ ಸಂಸ್ಥಾನದ ಸವಾರನಾಗಿದ್ದ ನಾಮದೇವ ಎಂಬ ಪರಿಚಯದವನ ಮಂಚದ ಮೇಲೆ, ಅವನು ಊಟಕ್ಕೆ ಎದ್ದ ಹೊತ್ತಿನಲ್ಲಿ, ಮಲಗಿಯೇ ನೋಡಿದ. ಕಾಲು ಹೊರಗೆ ಬಂತು, ಮಗ್ಗಲು ತಿರುಗಿದರೆ ಮೈಯೂ ಹೊರಗೆ ಬಂತು. ಇದು ದಂಡಿನವರಿಗೆ ಸರಿ, ಮರ್ಯಾದಸ್ಥರಿಗಲ್ಲ ಎಂದು ಎದ್ದು ಬಂದ. ಹೀಗೆ ಮೂರು ವಾರ ಹೋದವು. ಮುತ್ತವ್ವ ಹಸಿ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದಳು.

ಕೊನೆಗೆ ಒಂದು ಲೆಕ್ಕ ಹುಟ್ಟಿತು. ಯಾವ ಮನುಷ್ಯನ ಮೈಯಾದರೂ ಅವನವನ ಕೈಯಲ್ಲಿ ಮೂರೂವರೆ ಮೊಳ. ಮೈಯಷ್ಟೇ ಉದ್ದದ ಹಾಸಿಗೆ ಚಟ್ಟಕ್ಕೆ ಆಗುತ್ತದೆ, ಮಂಚಕ್ಕಲ್ಲ. ಅದಕ್ಕೆ ಅರ್ಧ ಮೊಳ ಹೆಚ್ಚು. ಅಗಲ ಎರಡು ಮೊಳ, ಮಗ್ಗಲು ತಿರುಗಲು ಸಾಕು. ಕೋಲಿ ಐದು ಮೊಳ ಉದ್ದ, ಮಂಚ ನಾಲ್ಕು ಮೊಳ, ಇನ್ನೊಂದು ಮೊಳದ ಜಾಗದಲ್ಲಿ ರಾಟಿ. ಈ ಲೆಕ್ಕದಲ್ಲಿ ಒಂದೂ ತಪ್ಪಿಲ್ಲ. ಒಬ್ಬರ ಮಂಚಕ್ಕೆ ನಾಲ್ಕು ಮೊಳಕ್ಕೆ ಎರಡು ಮೊಳ ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆ ಒಬ್ಬರು ಯಾರು ಎಂಬುದೊಂದನ್ನೇ ಅವನು ಮರೆತದ್ದು.

ಬಡಿಗ ಮೋನಪ್ಪ ಹಗ್ಗ, ಸುಣ್ಣದ ತುಂಡು ಹಿಡಿದು ಬಂದ. ಮಂಚಕ್ಕೆ ಯಾವಾಗಲೂ ಮಲಗುವವರ ಕೈಯನ್ನೇ ಅಳತೆಗೆ ಹಿಡಿಯುವುದು ಅವನ ತಾತನ ಕಾಲದಿಂದ ಬಂದ ಪದ್ಧತಿ.

"ಮಲಗೋರು ಯಾರ್ರಿ? ಕೈ ಚಾಚ್ರಿ" ಎಂದ.

ರಾಟಿಯ ಮುಂದೆ ಕೂತಿದ್ದ ಮುತ್ತವ್ವ ಬಳೆ ಹಿಂದೆ ಸರಿಸಿ ತನ್ನ ಸಣ್ಣ ಕೈ ಮುಂದೆ ಮಾಡಿದಳು. ಹಗ್ಗ ಅವಳ ಮೊಣಕೈಗೆ ತಾಗುವ ಮುಂಚೆಯೇ ಶಿದ್ರಾಮಪ್ಪನ ತೋಳು ಅದರ ಮೇಲೆ ಬಂದು ಕೂತಿತು.

"ಏನಲೇ ಮೋನಪ್ಪ, ಶಿದ್ರಾಮಪ್ಪನ ಮನ್ಯಾಗ ಹೆಣಮಗಳ ಕೈಲೆ ಅಳತಿ ಮಾಡ್ತೀಯೇನ? ನಾಳೆ ಪ್ಯಾಟ್ಯಾಗ ನಾ ಮಾರಿ ಹ್ಯಾಂಗ ತೋರಸ್ಲಿ? ಹಿಡಿ ಇದನ್ನ."

"ಮಲಗೋರು ಅವರರೀ..."

"ಮಲಗೋರು ಯಾರರ ಇರಲಿ. ಮೊಳ ನಂದು."

ಮೋನಪ್ಪ ಮುತ್ತವ್ವನ ಕಡೆ ನೋಡಿದ. ಅವಳು ಬಳೆಯನ್ನು ಮತ್ತೆ ಕೆಳಗಿಳಿಸಿ ರಾಟಿ ತಿರುಗಿಸಿದಳು. ಕೋಲಿಯನ್ನಾದರೂ ಒಮ್ಮೆ ಅಳೆಯುತ್ತೇನೆ ಎಂದು ಬಡಿಗ ಹೆಜ್ಜೆ ಎತ್ತಿದ್ದಕ್ಕೆ ಶಿದ್ರಾಮಪ್ಪ ಅವನ ಹೆಗಲು ಹಿಡಿದು ಹೊರಗೆ ತಿರುಗಿಸಿದ. "ನಮ್ಮಪ್ಪ ಕಟ್ಟಿಸಿದ್ದು. ಐದಕ್ಕ ನಾಕು. ಊರಿಗೆಲ್ಲಾ ಗೊತ್ತೈತಿ, ನಿನಗ ಗೊತ್ತಿಲ್ಲೇನ?"

ಹದಿನೈದು ದಿನದಲ್ಲಿ ಬೇವಿನ ಮಂಚ ಬಂತು. ಮಂಚಕ್ಕೆ ಹೆಣೆಯುವ ಅಗಲ ಪಟ್ಟಿಯ ನವಾರವನ್ನು ಶಿದ್ರಾಮಪ್ಪನೇ ನೇಯ್ದಿದ್ದ, ಕೆಂಪು ಅಂಚು ಬಿಟ್ಟು. ಅದೊಂದರಲ್ಲಿ ಅವನನ್ನು ಆಡಿಕೊಳ್ಳುವಂತಿಲ್ಲ. ನವಾರ ನಿಜಕ್ಕೂ ಚಂದ ಇತ್ತು. ಓಣಿಯವರೆಲ್ಲ ಕೂಡಿ ಮಂಚವನ್ನು ಮಗ್ಗುಲಾಗಿಸಿ ಬಾಗಿಲು ದಾಟಿಸಿದರು. ತಲೆಯ ಕಡೆ ಗೋಡೆಗೆ ತಾಗಿತು, ಕಾಲಿನ ಕಡೆ ಎದುರು ಗೋಡೆಗೆ ತಾಗಿತು, ಮಂಚ ಇನ್ನೂ ನೆಲಕ್ಕೆ ಇಳಿದಿರಲಿಲ್ಲ. ಎತ್ತಿದರು, ತಿರುಗಿಸಿದರು, ಓರೆ ಹಿಡಿದರು, ಗೋಡೆಯ ಮಣ್ಣು ಕೆರೆದರು. ಕೊನೆಗೆ ಒಂದು ತುದಿಯನ್ನು ಬೀಸುಕಲ್ಲಿನ ಮೇಲೆ ಏರಿಸಿ ಹೇಗೋ ಕೂರಿಸಿ, ಮುತ್ತವ್ವನನ್ನು ಮಲಗಿಸಿದರು. ಅವಳು ಜಾರುತ್ತ ಜಾರುತ್ತ ಕಾಲ ಕಡೆ ಹೋಗಿ ಮುದ್ದೆಯಾದಳು. ಪಕ್ಕದ ಮನೆಯ ಶೇವಂತಿ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಒಂದು ಗೇಣು ಕೊಯ್ದರ ಆತ್ರಿ, ಒಂದ ತಾಸಿನ ಕೆಲಸ" ಎಂದ ಮೋನಪ್ಪ.

ಶಿದ್ರಾಮಪ್ಪನ ಮುಖ ಕೆಂಪಾಯಿತು. ಇಡೀ ಓಣಿಯ ಎದುರು ತನ್ನ ನಾಲ್ಕು ಮೊಳವನ್ನು ಕೊಯ್ಯುವುದೇ? "ನನ್ನ ಮೊಳಕ್ಕ ಗರಗಸ ಹಚ್ಚತೀಯೇನಲೇ? ಮಂಚ ಬರೊಬ್ಬರಿ ಐತಿ. ಗ್ವಾಡಿ ತಪ್ಪೈತಿ. ದೀಪಾವಳಿ ಆದ ಮ್ಯಾಲ ಗ್ವಾಡಿ ಹಿಂದಕ ಸರಸ್ತೇನಿ."

ಗೋಡೆ ಸರಿಯುವ ತನಕ ಮಂಚ ಎಲ್ಲಿರಬೇಕು? ಕಟ್ಟೆಯ ಮೇಲೆ. ಓಣಿಗೆ ಮುಖ ಮಾಡಿದ ಕಟ್ಟೆಯ ಮೇಲೆ ಹೆಂಗಸು ಮಲಗುವ ಹಾಗಿಲ್ಲ. ಹಾಗಾದರೆ ಅಷ್ಟು ಚಂದದ ಮಂಚ ಖಾಲಿ ಬೀಳಬೇಕೇ? ಶಿದ್ರಾಮಪ್ಪ ಬಹಳ ಕಷ್ಟಪಟ್ಟು ಆ ಭಾರವನ್ನು ತಾನೇ ಹೊತ್ತ. ಮಧ್ಯಾಹ್ನ ಉಂಡು ಅಡ್ಡಾದ ಅಂದರೆ ಹೋಗಿ ಬರುವವರು ನಿಂತು ಮಂಚ ಮುಟ್ಟಿ ನೋಡುತ್ತಿದ್ದರು. ಇವನು ಮಲಗಿದಲ್ಲಿಂದಲೇ ಹೇಳುತ್ತಿದ್ದ: "ನಮ್ಮ ಮನ್ಯಾಕಿ ಸಲುವಾಗಿ ಮಾಡಿಸೀನಿ. ಪಾಪ, ಸೊಂಟ ಭಾಳ ನೋಯತೈತಿ."

ಬಂದವರು "ಎಂಥಾ ಗಂಡ ಸಿಕ್ಕಾನ ನೋಡು ಮುತ್ತವ್ವಗ" ಎನ್ನುತ್ತ ಹೋಗುತ್ತಿದ್ದರು. ಒಳಗೆ ಹಸಿ ನೆಲದ ಮೇಲೆ ಕೂತು ಮುತ್ತವ್ವ ಇದನ್ನೆಲ್ಲ ಕೇಳುತ್ತಿದ್ದಳು. ಅವಳಿಗೆ ಸಿಟ್ಟು ಬರಲಿಲ್ಲವೇ ಎಂದರೆ, ಬಂತು. ಬರೆಯುವ ನನಗೇ ಬರುತ್ತಿದೆ, ಅವಳಿಗೆ ಬಾರದೇ ಇರುತ್ತದೆಯೇ?

ಒಂದು ತಿಂಗಳಾಯಿತು. ಒಂದು ಮುಂಜಾನೆ ಏಳಲು ಗೋಡೆ ಹಿಡಿದ ಮುತ್ತವ್ವನಿಗೆ ಏಳಲಾಗಲಿಲ್ಲ. ಎಡಗಾಲು ತನ್ನದಲ್ಲವೆನ್ನುವಂತೆ ಬಿದ್ದಿತ್ತು. ಡಾಕ್ಟರರು ಹೇಳಿದ ಮುಂದಿನ ಮಳೆಗಾಲ ಈಗಲೇ ಬಂತೇ ಎಂದುಕೊಂಡಳು. ಶಿದ್ರಾಮಪ್ಪ ಬಾಗಿಲಲ್ಲಿ ನಿಂತು ಕೈ ಚಾಚಿದ, ಕಂಡಿಕೆ ಬರಲಿಲ್ಲ. "ಇವತ್ತೊಂದು ದಿನ ಆರಾಮ ತಗೋ" ಎಂದು ಉದಾರವಾಗಿ ಹೇಳಿ, ಸೀರೆಯ ಗಂಟು ಹೊತ್ತು ರಬಕವಿ ಪೇಟೆಗೆ ಹೋದ.

ಅವನು ಓಣಿ ತಿರುಗಿದ್ದೇ ಮುತ್ತವ್ವ ಶೇವಂತಿಯನ್ನು ಕೂಗಿ ಮೋನಪ್ಪನನ್ನು ಕರೆಸಿದಳು. ಬಡಿಗ ಬಂದು ಬಾಗಿಲಲ್ಲಿ ನಿಂತ. ಅವಳು ಮಲಗಿದಲ್ಲಿಂದಲೇ ಬಳೆ ಹಿಂದೆ ಸರಿಸಿ ಕೈ ಚಾಚಿದಳು.

"ಅವತ್ತ ನಿಂದ್ರಿಸಿದ ಕೆಲಸ ಮುಗಸಪಾ. ಇದರ ನಾಕು, ಇದರ ಎರಡು."

"ಯಜಮಾನ್ರು ನನ್ನ ಚರ್ಮ ಸುಲೀತಾರಬೇ ಯಕ್ಕಾ."

"ನಾ ಏಳದಿದ್ರ ಅವರ ಮಗ್ಗಕ್ಕ ಕಂಡಿಕಿ ಸುತ್ತೋರು ಯಾರು? ಚರ್ಮ ಸುಲಿಯಾಕ ಬಂದ್ರ ನನ್ನ ಕಡೆ ಕಳಸು."

ಮೋನಪ್ಪ ಹಗ್ಗ ಹಿಡಿದ. ನವಾರ ಬಿಚ್ಚಿ, ಚೌಕಟ್ಟಿನ ಕಟ್ಟಿಗೆ ಕೊಯ್ದು, ಕೂಡುವ ತುದಿ ತಿದ್ದಿ, ಕಾಲು ಜೋಡಿಸಿ, ನವಾರ ಮತ್ತೆ ಬಿಗಿದು, ಹೊತ್ತು ಇಳಿಯುವುದರೊಳಗೆ ಮಂಚವನ್ನು ಕೋಲಿಯೊಳಗೆ ಇಟ್ಟ. ಗೋಡೆಗೆ ತಗುಲದೆ ನೆಟ್ಟಗೆ ಕೂತಿತು. ರಾಟಿಗೂ ಜಾಗ ಉಳಿಯಿತು. ಶೇವಂತಿ ಮುತ್ತವ್ವನನ್ನು ಎತ್ತಿ ಮಲಗಿಸಿದಳು. ಬೆನ್ನಿಗೆ ಒಣ ನವಾರ ತಾಗಿದಾಗ ಮುತ್ತವ್ವ ಅತ್ತಳು. ಶೇವಂತಿ ನೋವಾಯಿತೇನೋ ಎಂದು ಗಾಬರಿಯಾದಳು.

ಸಂಜೆ ಶಿದ್ರಾಮಪ್ಪ ಬಂದಾಗ ಕಟ್ಟೆ ಬೋಳಾಗಿತ್ತು. ಅದರ ಮೇಲೆ ನಾಲ್ಕು ಬೇವಿನ ತುಂಡು ಒಂದರ ಪಕ್ಕ ಒಂದು ಇದ್ದವು. ಅವನು ಒಳಗೆ ನುಗ್ಗಿದ.

"ಯಾರನ್ನ ಕೇಳಿ ಕೊಯ್ಸಿದಿ?"

"ಮಲಗೋರನ್ನ ಕೇಳಿ."

"ನನ್ನ ಮೊಳದ ಮಂಚ ಅದು!"

"ನಿಮ್ಮ ಮೊಳದಾಗ ಹೆಚ್ಚಾದದ್ದು ಕಟ್ಟಿ ಮ್ಯಾಲ ಐತ್ರಿ. ಬೇಕಾದ್ರ ಅದರ ಮ್ಯಾಲ ಮಲಗ್ರಿ."

ಇಪ್ಪತ್ತೆರಡು ವರ್ಷದಲ್ಲಿ ಅವಳು ಇಂಥ ಮಾತು ಆಡಿದ್ದು ಅದೇ ಮೊದಲು. ಶಿದ್ರಾಮಪ್ಪ ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದ: ಗೋಡೆಗೆ ಮೊಳ ಹಾಕಿದ. ಒಂದು, ಎರಡು, ಮೂರು. ನಾಲ್ಕನೆಯದು ಪೂರ್ತಿಯಾಗಲಿಲ್ಲ, ಬೆರಳು ಎದುರು ಗೋಡೆಗೆ ಬಡಿಯಿತು. ಮತ್ತೆ ಅಳೆದ. ಮತ್ತೆ ಬಡಿಯಿತು. ಸೆರಗು ಸಾಲದ ಹೆಂಗಸರು ಸತ್ತ ಅಪ್ಪನನ್ನು ಯಾಕೆ ಬಯ್ಯುತ್ತಿದ್ದರೆಂದು ಅವತ್ತು ಮಗನಿಗೆ ಗೊತ್ತಾಯಿತು.

"ನಾಳಿಗೆ ಮಗ್ಗಕ್ಕ ಕಂಡಿಕಿ ಇಲ್ರಿ" ಎಂದಳು ಮುತ್ತವ್ವ. "ನಾ ಎಂಟು ದಿನ ಏಳಂಗಿಲ್ಲ. ಲಡಿ ನೆನೆಸಿ ಇಟ್ಟಾಳ ಶೇವಂತಿ. ಕುಂದ್ರಿ, ಸುತ್ತರಿ."

ಅವನು ಸುತ್ತಲೂ ನೋಡಿದ. ನೋಡುವವರು ಯಾರೂ ಇರಲಿಲ್ಲ. ಮಗ್ಗ ನಿಂತರೆ ಗತಿ ಏನು ಎಂದು ಗೊಣಗುತ್ತ, ಕಾಲು ಮಡಚಿ, ರಾಟಿಯ ಮುಂದೆ ಅವಳ ಜಾಗದಲ್ಲಿ ಕೂತ. ಎರಡು ಸುತ್ತು ತಿರುಗಿಸುವಷ್ಟರಲ್ಲಿ ತಟ್ಟನೆ ಎದ್ದು, ಧೋತರದ ಹಿಂಭಾಗ ಮುಟ್ಟಿ ನೋಡಿಕೊಂಡ. ತೊಯ್ದು ತೊಪ್ಪೆಯಾಗಿತ್ತು.

"ಈ ನೆಲ ಇಷ್ಟ ಹಸಿ ಐತೇನ?" ಎಂದು ಕೇಳಿದ. "ಯಾವಾಗಿನಿಂದ?"

ಮುತ್ತವ್ವ ಮಂಚದ ಮೇಲೆ ಗೋಡೆಯ ಕಡೆ ಮಗ್ಗಲು ತಿರುಗಿದಳು. ಎರಡು ಮೊಳದ ಅಗಲ ಅದಕ್ಕೆ ಸರಿಯಾಗಿ ಸಾಕಾಯಿತು.

"ಇಪ್ಪತ್ತೆರಡು ವರ್ಷಾತ್ರಿ" ಎಂದಳು.