ಮೊದಲು ಸಾರು, ಕಡೆಗೆ ಅನ್ನ

ನಮ್ಮೂರು ತಾಂಬಾದಲ್ಲಿ ಅನ್ನವನ್ನು ಹಬ್ಬಕ್ಕೊಮ್ಮೆ ಕಾಣುತ್ತಿದ್ದ ಕಾಲ ಅದು, ಎಪ್ಪತ್ತರ ದಶಕ. ಉಳಿದ ದಿನವೆಲ್ಲ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಅಪ್ಪ ಬದುಕಿದ್ದ ಕೊನೆಯ ಶನಿವಾರವೂ ಹಾಗೆಯೇ ಇತ್ತು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಬೇವಿನ ನೆರಳಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದ. ಎದುರಿಗೆ ನಿಂತು ನಾನು ಮರುದಿನದ ಪಾಠ ಒಪ್ಪಿಸುತ್ತಿದ್ದೆ.

ಹಿಂದಿನ ವರ್ಷ ಅವ್ವನೂ ನಾನೂ ದೀಕ್ಷಾಸ್ನಾನ ಪಡೆದಿದ್ದೆವು. ತಗಡು ಹೊದಿಸಿದ ಒಂದು ಕೋಣೆಯೇ ನಮ್ಮ ಚರ್ಚು. ಅಪ್ಪ ಅಲ್ಲಿಗೆ ಬಂದಿರಲಿಲ್ಲ. ಗೋಡೆಯಾಚೆ ಇದ್ದ ದೊಡ್ಡಪ್ಪ, ನಾವು ಚರ್ಚಿಗೆ ಸೇರಿದಂದಿನಿಂದ ನಮ್ಮ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ. "ನಾನೂ ಹೋದ್ರ ಅಣ್ಣ ನನ್ನ ಮಾರಿ ಸುದ್ದಾ ನೋಡಂಗಿಲ್ಲ" ಎನ್ನುತ್ತಿದ್ದ ಅಪ್ಪ. ಒಂದು ಭಾನುವಾರವಾದರೂ ಅವನು ಪೂಜೆಯಲ್ಲಿ ನನ್ನ ಪಕ್ಕ ಕೂಡಬೇಕೆಂಬುದು ನನ್ನ ಹಟ.

"ಧರ್ಮಸಭೆಯ ಕೆಲಸಗಳು ಯಾವುವು?" ಚರ್ಚಿನಲ್ಲಿ ಪಾಠ ಹೇಳುವ ಸಿಸ್ಟರ್ ಕೇಳುವಂತೆ ನಾನೇ ಕೇಳಿ, ನಾನೇ ಉತ್ತರ ಹೇಳಿದೆ. "ಶುಭಸಂದೇಶ ಸಾರುವುದು. ದೇವರನ್ನು ಆರಾಧಿಸುವುದು. ಸೇವೆ ಮಾಡುವುದು. ಅನ್ನೋ... ಅನ್ನೋನ್ನತಿ."

ಅದು 'ಅನ್ಯೋನ್ಯತೆ'. ಮಂಗಳೂರು ಕಡೆಯ ಸಿಸ್ಟರ್ ಬಾಯಲ್ಲಿ ಸಲೀಸಾಗಿ ಬರುತ್ತಿದ್ದ ಮಾತು ನನ್ನ ನಾಲಿಗೆಗೆ ಒಗ್ಗುತ್ತಿರಲಿಲ್ಲ.

ಅಪ್ಪ ತಲೆ ಎತ್ತಿದ. "ಏನಂದಿ? ಅನ್ನಾ ಉಣ್ತಿ?"

"ದೇವರ ಮಾತಿಗೆ ಚ್ಯಾಷ್ಟಿ ಮಾಡಬ್ಯಾಡ್ರಿ" ಎಂದು ಅವ್ವ ಒಳಗಿನಿಂದ ಗದರಿಸಿದಳು.

"ಚ್ಯಾಷ್ಟಿ ಎಲ್ಲೈತಿ? ಮೊದಲ ಸಾರು, ಕಡೀಕ ಅನ್ನ. ಇಂಥಾ ಸಭಾಕ್ಕ ಯಾರು ಒಲ್ಲೆ ಅಂತಾರ?" ಅಪ್ಪ ಜೋರಾಗಿ ನಕ್ಕ. ಅವ್ವನಿಗೂ ನಗು ತಡೆಯಲಿಲ್ಲ.

"ಹಂಗಾದ್ರ ನಾಳೆ ಬರ್ತೀಯೇನಪಾ?"

"ನಾಳೆ ಹೊರ್ತಿಗೆ ಬಾಂವಿ ಕೆಲಸಕ್ಕ ಹೋಗೂದೈತಿ. ಮುಂದಿನ ಐತಾರ ಬರ್ತೇನಿ. ಅಣ್ಣ ಏನಂದ್ರೂ ಅನ್ನಲಿ."

ಮರುದಿನ ಹೊರ್ತಿಯಲ್ಲಿ ಬಾವಿಯ ಒಂದು ಬದಿ ಕುಸಿಯಿತು. ಅಪ್ಪನನ್ನು ಚಕ್ಕಡಿಯಲ್ಲಿ ತಂದರು.

ಮಣ್ಣು ಮಾಡುವಾಗ ದೊಡ್ಡಪ್ಪನೇ ಮುಂದೆ ನಿಂತಿದ್ದ. ಆದರೆ ನಮ್ಮೊಡನೆ ಮಾತಾಡಲಿಲ್ಲ, ಅಳಲೂ ಇಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬಂಧುಗಳು, ನೆರೆಯವರು ರೊಟ್ಟಿ ತರುತ್ತಾರೆ. ನಮಗೆ ಯಾರು ತರಬೇಕು? ನಾನು ಗೋಡೆಯ ಕಡೆ ನೋಡುತ್ತ ಕೂತಿದ್ದೆ.

ಮೊದಲು ಬಂದವರು ಚರ್ಚಿನವರು. ಅಪ್ಪ ಅವರವನಾಗಿರಲಿಲ್ಲ, ಆದರೂ ಬಾಗಿಲಲ್ಲಿ ನಿಂತು ಪ್ರಾರ್ಥನೆ ಹೇಳಿದರು. ಸಿಸ್ಟರ್ ನನ್ನ ಮುಖ ತೊಳೆದು ತಲೆ ಬಾಚಿದರು. ಆಮೇಲೆ ಅವರು ತಂದಿದ್ದ ಪಾತ್ರೆಗಳ ಮುಚ್ಚಳ ತೆಗೆದಾಗ ಬಳ್ಳೊಳ್ಳಿ ಒಗ್ಗರಣೆಯ ವಾಸನೆ ಬಂತು. ಅನ್ನ, ಸಾರು. ಅಪ್ಪನಿಗೆ ಹೇಳಬೇಕೆಂದು ಥಟ್ಟನೆ ಎದ್ದವಳು ಹಾಗೇ ನಿಂತುಬಿಟ್ಟೆ.

ಆಗ ಗೋಡೆಯಾಚೆ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ಸ್ವಲ್ಪ ಹೊತ್ತಿಗೆ ದೊಡ್ಡವ್ವ ಬುಟ್ಟಿ ಹೊತ್ತು ಬಂದಳು. ಹಿಂದೆ ದೊಡ್ಡಪ್ಪ. ಸಿಸ್ಟರನ್ನು ನೋಡಿ ಅವನು ಹೊಸ್ತಿಲಲ್ಲೇ ನಿಂತ.

"ಬನ್ನಿ, ಕೂತ್ಕೊಳ್ಳಿ" ಎಂದರು ಸಿಸ್ಟರ್. ಅವನು ಅಲುಗಲಿಲ್ಲ. ಏನು ತೋಚಿತೋ, ನಾನು ಕೇಳಿದೆ: "ದೊಡ್ಡಪ್ಪಾ, ಅನ್ನಾ ಉಣ್ತಿ?"

ದೊಡ್ಡಪ್ಪ ನನ್ನನ್ನೇ ನೋಡಿದ. "ಶನಿವಾರ ಗ್ವಾಡಿ ಆಚಿಂದ ಕೇಳೇನಿ, ತಂಗಿ. ಅಂವಾ ನಗೂದೂ ಕೇಳೇನಿ" ಎಂದ. ಒಳಗೆ ಬಂದು ನನ್ನ ಪಕ್ಕದಲ್ಲೇ ಕುಕ್ಕರಿಸಿ, "ನೀಡವಾ" ಎಂದ. ಅನ್ನದ ಜೊತೆ ದೊಡ್ಡವ್ವನ ರೊಟ್ಟಿಯನ್ನೂ ಮುರಿದು ಎಲ್ಲರ ತಾಟಿಗೆ ಹಾಕಿದ. ಸಿಸ್ಟರ್ ತಾಟಿಗೂ.

ದೊಡ್ಡಪ್ಪ ಕೊನೆತನಕ ಚರ್ಚಿಗೆ ಸೇರಲಿಲ್ಲ. ಆದರೆ ಪ್ರತಿ ಕ್ರಿಸ್ಮಸ್ಸಿಗೆ ನಮ್ಮ ಮನೆಯ ಬಾಗಿಲಲ್ಲಿ ನಿಂತು, "ಇವತ್ತ ಅನ್ನೋನ್ನತಿ ಐತೇನವಾ?" ಎಂದು ಕೇಳಿ ಊಟಕ್ಕೆ ಕೂಡುತ್ತಿದ್ದ. ಅವನೂ ಹೋಗಿ ಬಹಳ ಕಾಲವಾಯಿತು. ಆ ಮಾತಿಗೆ ನನ್ನ ಜೊತೆ ನಗಲು ಅವ್ವ ಇದ್ದಳು. ಈ ಮಳೆಗಾಲಕ್ಕೆ ಅವಳೂ ಹೋದಳು.

ಈಗ ಕಲ್ಲಿನ ಚರ್ಚು ಇದೆ. ಮಕ್ಕಳು ಅನ್ಯೋನ್ಯತೆ ಎಂದು ತಡವರಿಸದೆ ಹೇಳುತ್ತಾರೆ. ಮನೆಮನೆಯಲ್ಲೂ ದಿನಾಲೂ ಅನ್ನ ಬೇಯುತ್ತದೆ. ಒಂದು ಭಾನುವಾರವೂ ಅಪ್ಪ ನನ್ನ ಪಕ್ಕ ಕೂಡಲಿಲ್ಲ.