ಗೇಟಿನ ಬಳಿಯ ಮರಾಠಿ ಸ್ವರ

ಮಿತ್ರರೇ, ಠಾಣೆಯಿಂದ ಟಿಟ್ವಾಳಾವರೆಗೆ ಯಾರು ಕೆಮ್ಮಿದರೂ ಹೆಸರು ಹೇಳಬಲ್ಲ ಏಕೈಕ ಗಂಡಸು ನಾನು. ಕಳ್ಳರ ಸ್ವರ ಗುರುತಿಸಲು ಪೊಲೀಸರು ವಾರಕ್ಕೊಮ್ಮೆ ನನಗೆ ಜೀಪು ಕಳಿಸುತ್ತಾರೆ.

ಇಂದು ಬೆಳಿಗ್ಗೆ ಡೊಂಬಿವಲಿಯ ನಮ್ಮ ಮನೆಗೆ ಹೆಂಡತಿಯ ತಮ್ಮ ಬಂದಿದ್ದ. ಚಹಾ ಕುಡಿಯುತ್ತಿದ್ದಾಗ ಕಿಟಕಿಯ ಕೆಳಗೆ, ಗೇಟಿನ ಬಳಿ, ಒಬ್ಬ ಹೆಂಗಸು ಮೀನಿನವಳೊಡನೆ ಮರಾಠಿಯಲ್ಲಿ ಜಗಳಕ್ಕಿಳಿದಳು. ನೂರಕ್ಕೆ ಆರು ಬಂಗುಡೆ ಬೇಕಂತೆ.

“ಯಾರ ಸ್ವರ ಭಾವ? ಪಂಥ ಉಂಟಾ?”

“ಉಂಟು! ಮೂರನೇ ಮಾಳಿಗೆಯ ಮರಾಠಿ ಬಾಯಿ. ಎಂಥ ಗಂಟಲು ಮಾರಾಯ! ಗಂಡನಿಗೆ ಕಿವಿ ಇನ್ನೂ ಉಂಟಾ ಅಂತ?”

ಅವನು ನಗುತ್ತ ಕೈ ಚಾಚಿದ. “ಸಣ್ಣವನಿದ್ದಾಗ ಇದೇ ಸ್ವರದಲ್ಲಿ ಬೈಸಿಕೊಂಡವ ನಾನು. ಕೊಡಿ.”

ಬಾಗಿಲು ತೆರೆಯಿತು. ಕೈಯಲ್ಲಿ ಮೀನಿನ ಚೀಲ ಹಿಡಿದು ನನ್ನ ಹೆಂಡತಿ ನಿಂತಿದ್ದಳು. ಕಿಟಕಿಯಿಂದ ನನ್ನ ಮಾತು ಕೆಳಗೆ ಚೆನ್ನಾಗಿಯೇ ಕೇಳಿಸಿತ್ತು.

“ಗಂಡನಿಗೆ ಕಿವಿ ಉಂಟು. ಬಂಗುಡೆ ಸಾರು ಮಾತ್ರ ಇಲ್ಲ.”

ನನ್ನೊಡನೆ ಮೆಲ್ಲಗೆ ತುಳು ಮಾತಾಡುವವಳಿಗೆ ಮರಾಠಿಯಲ್ಲಿ ಬೇರೆಯೇ ಗಂಟಲಿದೆ ಎಂದು ನನಗೇನು ಗೊತ್ತು? ಮೀನು ತರಲು ನಾನು ಒಂದು ದಿನವೂ ಕೆಳಗಿಳಿದವನಲ್ಲ.

ಪಂಥ ಐವತ್ತು ರೂಪಾಯಿಯದೆಂದು ಅವಳಿಗೆ ಹೇಳಿದ್ದೇನೆ. ಅವಳು ಫೇಸ್‌ಬುಕ್ ನೋಡುವುದಿಲ್ಲ, ಆದ್ದರಿಂದ ನಿಮಗೆ ಹೇಳುತ್ತೇನೆ: ಹೋದದ್ದು ಐನೂರು. ಅವಳ ದರದಲ್ಲಿ ಮೂವತ್ತು ಬಂಗುಡೆ.