ದೊಡ್ಡಪ್ಪನ ಕ್ಯಾಲೆಂಡರಿಗೆ ಒಂದು ಕರಡಿ

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ನಮ್ಮ ದೊಡ್ಡಪ್ಪ ಪ್ರತಿ ವರ್ಷ ಗಿರಾಕಿಗಳಿಗೆ ಹಂಚಲು ಕ್ಯಾಲೆಂಡರ್ ಮಾಡಿಸುತ್ತಿದ್ದರು. ಯಾವಾಗಲೂ ಶಿವ ಪಾರ್ವತಿಯರೇ. ಆ ವರ್ಷ ಮಾತ್ರ, "ಈ ಸಲ ನಮ್ಮ ದರೋಜಿ ಕರಡಿ ಹಾಕಸೋಣು. ಇಬ್ರೂ ಹೋಗ್ರಲೇ. ಯಾರ ಫೋಟೋ ಚಲೋ ಬರ್ತೈತಿ, ಅವ್ರ ಹೆಸ್ರು ಕೆಳಗ ಅಚ್ಚು ಹಾಕಸ್ತೀನಿ" ಎಂದುಬಿಟ್ಟರು. ಇಬ್ಬರು ಎಂದರೆ ನಾನು ಮತ್ತು ನನ್ನ ಚಿಕ್ಕಪ್ಪನ ಮಗ.

ಅವನ ಹೆಸರೆತ್ತಿದರೆ ನನ್ನ ಹೊಟ್ಟೆಯಲ್ಲಿ ಈಗಲೂ ಒಗ್ಗರಣೆ ಸಿಡಿಯುತ್ತದೆ. ಚಿಕ್ಕಪ್ಪನ ಲಾರಿಗಳು ಸಂಡೂರಿನಿಂದ ಹಗಲೂ ರಾತ್ರಿ ಅದಿರು ಹೊರುತ್ತಿದ್ದ ಕಾಲ. ಹೊಸಪೇಟೆಯ ನಮ್ಮ ಮನೆಗೆ ಆ ಲಾರಿಗಳಿಂದ ಬಂದದ್ದು ಕೆಂಪು ಧೂಳು ಮಾತ್ರ. ಉಳಿದದ್ದೆಲ್ಲ ಅವರ ಮನೆಗೆ. ಅವನು ನನಗಿಂತ ಚಿಕ್ಕವನು, ಆದರೆ ನನಗಿಂತ ಎತ್ತರ, ಕೂದಲೂ ದಟ್ಟ. ಸಾಲದ್ದಕ್ಕೆ ಬೆಂಗಳೂರಿನಿಂದ ಒಂದು ಬಿಳಿ ಲೆನ್ಸ್ ತರಿಸಿದ್ದ. ಚಿಕ್ಕಮ್ಮ ಅದಕ್ಕೆ ವಿಭೂತಿ ಹಚ್ಚಿ ಕಾಯಿ ಒಡೆದಾಗ ನಾನೂ ಹೋಗಿ ಕೈ ಮುಗಿದೆ. ಮುಗಿಯುವ ನೆವದಲ್ಲಿ ಅಳತೆ ತೆಗೆದುಕೊಂಡೆ. ನನ್ನ ಮೊಳಕೈಯಿಂದ ಬೆರಳ ತುದಿಯವರೆಗೆ ಇತ್ತು.

ನನ್ನ ಹತ್ತಿರ ಒಂದು ಹಳೆಯ ಕ್ಯಾಮೆರಾ ಇತ್ತು, ಲೆನ್ಸ್ ಬಾಡಿಗೆಗೆ ತರಬೇಕಿತ್ತು. ಮದುವೆ ಫೋಟೋ ತೆಗೆಯುವ ಸ್ಟುಡಿಯೋಕ್ಕೆ ಹೋದೆ.

"ಎಂಥಾದ್ದು ಬೇಕು ತಮ್ಮಾ?" ಎಂದರು ಸ್ಟುಡಿಯೋದವರು.

"ಇದಕ್ಕಿಂತ ಉದ್ದ ಇರಬೇಕ್ರಿ" ಎಂದು ಮೊಳಕೈ ಚಾಚಿದೆ.

"ಲೆನ್ಸ್ ಕೇಳಾಕ ಬಂದಿಯೋ, ಪಡವಲಕಾಯಿ ಕೇಳಾಕ ಬಂದಿಯೋ?"

ಆದರೂ ಅಟ್ಟದಿಂದ ಒಂದು ಕರಿ ಲೆನ್ಸ್ ಇಳಿಸಿದರು. ಒಳ್ಳೇ ಬೋರ್‌ವೆಲ್ ಪೈಪಿನಂತಿತ್ತು. ನನ್ನ ಜೀವಕ್ಕೆ ತಂಪಾಯಿತು. ಅವರು ಇನ್ನೊಂದು ಸಣ್ಣ ಲೆನ್ಸನ್ನೂ ಮುಂದಿಟ್ಟು, "ಆ ಉದ್ದಂದು ದೂರದ್ದಷ್ಟ ಹಿಡೀತೈತಿ. ಹತ್ರದ್ದೆಲ್ಲಾ ಮಬ್ಬು. ಇದನ್ನೂ ಒಯ್ಯಿ, ಬಾಡಿಗಿ ಬ್ಯಾಡ" ಎಂದರು.

"ಸಣ್ಣದು ನೋಡಿದ್ರ ಅವ ನಗ್ತಾನ್ರಿ" ಎಂದು ಬಿಟ್ಟು ಬಂದೆ.

ಇಂಥ ಭಾರದ ಲೆನ್ಸನ್ನು ಕೈಯಲ್ಲಿ ಹಿಡಿದರೆ ಅಲುಗುತ್ತದೆ, ಕೆಳಗೆ ಮೆತ್ತನೆಯ ಚೀಲ ಇಡಬೇಕು. ಅವನ ಬಳಿ ಅದಕ್ಕೂ ಅಂಗಡಿಯಿಂದ ಕೊಂಡ ಕಾಡಿನ ಬಣ್ಣದ ಚೀಲವಿತ್ತು. ನಾನು ಗಿರಣಿಯ ಹೆಸರು ದಪ್ಪಗೆ ಅಚ್ಚಾಗಿದ್ದ ಅಕ್ಕಿ ಚೀಲವೊಂದಕ್ಕೆ ಭತ್ತ ತುಂಬಿ ಬಾಯಿ ಹೊಲಿದೆ. ಕೆಳಗೆ ಇಲಿ ಕಡಿದದ್ದನ್ನು ನೋಡಲಿಲ್ಲ.

ದರೋಜಿಯ ಕರಡಿಧಾಮದಲ್ಲಿ ಕಾವಲಿನವರು ಮಧ್ಯಾಹ್ನ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಬರುತ್ತಾರೆ. ಬಿಸಿಲು ಇಳಿದ ಮೇಲೆ ಕರಡಿಗಳು ನೆಕ್ಕಲು ಬರುತ್ತವೆ. ಎದುರಿನ ಗೋಪುರದಲ್ಲಿ ಕೂತು ನೋಡಬೇಕು. ಅವನು ಬಿಳಿ ಲೆನ್ಸ್ ಜೋಡಿಸಿ, ಕೊರಳಿಗೆ ಇನ್ನೊಂದು ಕ್ಯಾಮೆರಾ ನೇತುಹಾಕಿಕೊಂಡ. ಅದರಲ್ಲಿ ಸಣ್ಣ ಲೆನ್ಸು.

"ಅದ್ಯಾಕಲೇ? ಕರಡಿಗೆ ಪಾಸ್‌ಪೋರ್ಟ್ ಫೋಟೋ ತೆಗೀತಿಯೇನು?" ಎಂದೆ.

"ಇರ್ಲಿ ಬಿಡಣ್ಣಾ" ಎಂದು ನಕ್ಕ. ಅವನ ಹಲ್ಲೂ ಸಾಲಾಗಿದ್ದವು.

ಅವನ ಪಕ್ಕ ಕೂರಲು ಮನಸ್ಸಾಗದೆ, ಕಾವಲಿನವರನ್ನು ಕಾಡಿ ಬೇಡಿ ಗೋಪುರದ ಬುಡದ ಬಂಡೆಗೆ ಇಳಿದೆ. ಚೀಲದ ಮೇಲೆ ಪೈಪು ಇಟ್ಟು ದೂರದ ಬಂಡೆಯನ್ನೇ ನೋಡುತ್ತಾ ಕೂತೆ. ಲೆನ್ಸಿನ ಮೂತಿ ತಾನಾಗಿಯೇ ಕೆಳಗಿಳಿಯತೊಡಗಿತು. ಕಣ್ಣು ತೆಗೆದು ನೋಡಿದರೆ ತೂತಿನಿಂದ ಭತ್ತ ಸುರಿಯುತ್ತಿದೆ, ಒಂದು ಗಂಡು ನವಿಲು ನನ್ನ ಚೀಲಕ್ಕೇ ಕೊಕ್ಕು ಹಾಕಿ ತಿನ್ನುತ್ತಿದೆ! ಹಿಂದೆ ಅದರ ಇಡೀ ಸಂಸಾರ.

ಕರಡಿ ಹಾಳಾಗಲಿ, ನವಿಲನ್ನೇ ಹೊಡೆಯೋಣ ಎಂದು ಲೆನ್ಸ್ ತಿರುಗಿಸಿದೆ. ಬರೀ ನೀಲಿ ಮಬ್ಬು. ಹಿಂದೆ ಸರಿದೆ, ಇನ್ನೂ ಮಬ್ಬು. ಮತ್ತೂ ಸರಿಯಲು ಹೋಗಿ ಕುಂಡೆ ಊರಿ ಬಿದ್ದೆ. ನವಿಲು ತಲೆಯೆತ್ತಿ ನನ್ನನ್ನೊಮ್ಮೆ ನೋಡಿ ಊಟ ಮುಂದುವರಿಸಿತು. ಮೇಲಿನಿಂದ ಟಪಟಪ ಸದ್ದು ಕೇಳಿತು: ಅವನ ಕೊರಳಿನ ಕ್ಯಾಮೆರಾ.

ಆಮೇಲೆ ಕರಡಿಯೂ ಬಂತು, ಮರಿಯನ್ನು ಬೆನ್ನ ಮೇಲೆ ಹೊತ್ತು. ಚೀಲ ಖಾಲಿಯಾಗಿ, ಲೆನ್ಸ್ ಅಲುಗಿ, ನನ್ನ ಕರಡಿ ಹೊತ್ತಿದ ರೊಟ್ಟಿಯಂತೆ ಬಂತು. ಅವನ ಕರಡಿಯ ರೋಮ ಎಣಿಸಬಹುದಿತ್ತು.

ಕಂಪ್ಲಿಯಲ್ಲಿ ದೊಡ್ಡಪ್ಪ ಅವನ ಫೋಟೋಗಳನ್ನು ಒಂದೊಂದಾಗಿ ನೋಡಿದರು. ಕರಡಿಯನ್ನು ಪಕ್ಕಕ್ಕಿಟ್ಟರು. ನನಗೆ ಆಸೆ ಚಿಗುರಿತು.

"ಕರಡಿ ಮುಖ ನೋಡ್ಕೊಂತ ಯಾರಲೇ ಅಕ್ಕಿ ತಗೊಂತಾರ? ಇದು ನೋಡು, ನಮ್ಮ ಚೀಲದ ಹೆಸ್ರು ಹೆಂಗ ಕಾಣ್ತೈತಿ! ನವಿಲೂ ನಮ್ಮ ಭತ್ತನ ಕೇಳ್ತೈತಿ. ಇದ ಕ್ಯಾಲೆಂಡರ್ರು!" ಎಂದು ಇನ್ನೊಂದು ಫೋಟೋ ಎತ್ತಿ ಹಿಡಿದರು.

ಅದರಲ್ಲಿ ಚೀಲವಿತ್ತು, ನವಿಲಿತ್ತು, ಬಾಯಿ ತೆರೆದು ಕುಂಡೆ ಊರಿ ಬಿದ್ದ ನಾನಿದ್ದೆ.

ಆ ವರ್ಷ ಯಾವ ನೆಂಟರ ಮನೆಗೆ ಹೋದರೂ ನಾನೇ ಗೋಡೆಯ ಮೇಲಿದ್ದೆ. ನನ್ನನ್ನು ಗುರುತಿಸಿ ನಕ್ಕವರು ಕೆಳಗಿನ ಹೆಸರು ಓದಿ, "ಹುಡುಗ ಭಾಳ ಚಲೋ ತೆಗ್ದಾನ" ಎನ್ನುತ್ತಿದ್ದರು. ನಮ್ಮವ್ವ ಅದನ್ನು ನಾನು ಉಣ್ಣುವ ಜಾಗದ ಎದುರೇ ತೂಗುಹಾಕಿದ್ದಳು. ಫೋಟೋದ ಕೆಳಗಿನ ತಿಂಗಳ ಹಾಳೆ ಹರಿಯುವ ಕೆಲಸ ನನ್ನದು. ಪ್ರತಿ ಸಲವೂ ಅವನ ಹೆಸರಿನವರೆಗೆ ಒಂದಿಷ್ಟು ಹೆಚ್ಚೇ ಹರಿಯಲೆಂದು ಜಗ್ಗುತ್ತಿದ್ದೆ. ದೊಡ್ಡಪ್ಪ ಆ ಸಲ ದಪ್ಪ ಕಾಗದ ಹಾಕಿಸಿದ್ದರು.